ಖಾಲಿ ಚೌಕಗಳು

ಹನ್ನೆರಡನೇ ತಾರೀಖು, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಗೆ ದೂರು ಬಂತು. ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವ ಕೇಂದ್ರದಿಂದ ಒಂದು ಸಿಪಿಯು ಕಳುವಾಗಿತ್ತು. ದೂರು ಕೊಟ್ಟವರು ಅಲ್ಲಿನ ಡಾಕ್ಟರಮ್ಮ. ಎಫ್‌ಐಆರ್ ಬರೆದ ದಫೇದಾರರು ಇನ್‌ಸ್ಪೆಕ್ಟರ್ ಜೊತೆ ಸ್ಥಳಕ್ಕೆ ಹೋದರು. ಮೂವತ್ತು ವರ್ಷದ ಸರ್ವಿಸಾದರೂ ಕಂಪ್ಯೂಟರ್ ಕಂಡರೆ ದಫೇದಾರರಿಗೆ ಅಷ್ಟಕ್ಕಷ್ಟೆ.

ಪಂಚನಾಮೆ ಬರೆಯುವಾಗ ಅವರ ಪೆನ್ನು ಎರಡು ಕಡೆ ನಿಂತಿತು. ಪಕ್ಕದಲ್ಲೇ ಇದ್ದ ಹೊಸ ಲ್ಯಾಪ್‌ಟಾಪನ್ನು ಕಳ್ಳ ಮುಟ್ಟಿರಲಿಲ್ಲ. ಕಿಟಕಿಯ ಜಾಲರಿ ಬಿಚ್ಚಿ ಒಳಗೆ ಬಂದವನು, ಹೋಗುವಾಗ ಎಂಟೂ ಸ್ಕ್ರೂಗಳನ್ನು ಮತ್ತೆ ಬಿಗಿದಿದ್ದ.

"ಇಂಥ ಮರ್ಯಾದಸ್ಥ ಕಳ್ಳನ್ನ ನಾನು ನೋಡೇ ಇಲ್ಲ ಸಾರ್," ಎಂದರು.

"ಆ ಡಬ್ಬದಲ್ಲಿ ಏನಿತ್ತಮ್ಮ?" ಇನ್‌ಸ್ಪೆಕ್ಟರ್ ಕೇಳಿದರು.

"ನನ್ನ ತಮ್ಮ ಮಾಡಿದ ಪ್ರೋಗ್ರಾಮು. ಚಿತ್ರ ಬರುತ್ತೆ, ಹೆಸರು ಕೇಳಿಸುತ್ತೆ, ರೋಗಿ ಅದನ್ನ ಹೇಳ್ಬೇಕು. ರಿಪೇರಿ ಅಂತ ನಾಳೆಯಿಂದ ಎರಡು ತಿಂಗಳು ಕೇಂದ್ರ ಮುಚ್ತೀವಿ."

ಪೆನ್‌ಡ್ರೈವಿನಲ್ಲಿ ಕಾಪಿ ಇತ್ತು. ದಫೇದಾರರು ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಪರದೆ ತುಂಬ ಖಾಲಿ ಚೌಕಗಳು.

ತಮ್ಮನಿಗೆ ಬುಲಾವು ಹೋಯಿತು. ಅವನು ಬಂದು ನೋಡಿ ತಲೆ ಕೆರೆದುಕೊಂಡ. "ಚಿತ್ರ, ಧ್ವನಿ ಎಲ್ಲಾ ಪ್ರೋಗ್ರಾಮಿನ ಹೊಟ್ಟೆಯೊಳಗೇ ಇದೆ ಸಾರ್. ಆದ್ರೆ ನಾನು ಹುಡುಕೋಕೆ ಹೇಳಿರೋದು ಆ ಸಿಪಿಯುನಲ್ಲಿದ್ದ ಫೋಲ್ಡರಿನಲ್ಲಿ. ಇಲ್ಲೇ ಕೂತು ಬರೆದೆ, ಇಲ್ಲಿ ಓಡ್ತಿತ್ತು, ತಪ್ಪು ಗೊತ್ತೇ ಆಗ್ಲಿಲ್ಲ."

"ಅಂದ್ರೆ ಊಟದ ಡಬ್ಬಿ ಕೈಲಿಟ್ಕೊಂಡು ಪಕ್ಕದ ಮನೆ ಅಡುಗೆಮನೆ ಹುಡುಕೋ ಹಾಗೆ," ಎಂದ ದಫೇದಾರರು ಡಾಕ್ಟರಮ್ಮನ ಕಡೆ ತಿರುಗಿದರು. "ಇದರ ಕಾಪಿ ಯಾರ್ಯಾರಿಗೆ ಕೊಟ್ಟಿದ್ರಿ?"

"ಹೋದ ವಾರ ಮೂರು ಮನೆಯವರಿಗೆ. ಇಬ್ಬರು ಚಿತ್ರ ಬರ್ತಿಲ್ಲ ಅಂತ ಫೋನ್ ಮಾಡಿದ್ರು. ಅವರ ಕಂಪ್ಯೂಟರೇ ಕೆಟ್ಟಿರ್ಬೇಕು ಅಂದ್ಕೊಂಡೆ."

"ಮೂರನೆಯವರು?"

"ಫೋನ್ ಮಾಡ್ಲಿಲ್ಲ. ಗಡಿಯಾರ ರಿಪೇರಿ ಮಾಡೋ ಅಜ್ಜ. ಹೆಂಡ್ತೀನ ದಿನಾ ಕೈ ಹಿಡ್ಕೊಂಡು ಕರ್ಕೊಂಡು ಬರ್ತಾರೆ."

ದಫೇದಾರರಿಗೆ ಆ ಎಂಟು ಸ್ಕ್ರೂ ನೆನಪಾದವು. ಯಾಕೋ ಖುಷಿಯಾಗಲಿಲ್ಲ.

ಸಂಜೆ ನಾಲ್ಕು ಹದಿನೈದಕ್ಕೆ ಇನ್‌ಸ್ಪೆಕ್ಟರ್, ದಫೇದಾರರು ಡಾಕ್ಟರಮ್ಮನ ತಮ್ಮನನ್ನೂ ಕರೆದುಕೊಂಡು ಅಜ್ಜನ ಮನೆಗೆ ಹೋದರು. ಕದ್ದ ಸಿಪಿಯು ಟಿವಿಗೆ ಜೋಡಿಸಿತ್ತು. ಅದರ ಮುಂದೆ ಅಜ್ಜಿ. ಪರದೆಯ ಮೇಲೆ ಚಮಚದ ಚಿತ್ರ.

"ಇದೊಂದು ಮುಗೀಲಿ ಸಾರ್," ಎಂದರು ಅಜ್ಜ.

ಇನ್‌ಸ್ಪೆಕ್ಟರ್ ನಿಂತೇ ಕಾದರು. "ಚ... ಚಮ್ಚ," ಎಂದರು ಅಜ್ಜಿ.

"ನೀವೇ ತಂದ್ರಾ?"

"ಹೌದು."

"ಚಿತ್ರ ಬರ್ಲಿಲ್ಲ ಅಂತ ಯಾಕೆ ಹೇಳ್ಲಿಲ್ಲ?"

"ನಾನೇ ಏನೋ ಕೆಡಿಸಿದೆ ಅಂದ್ಕೊಂಡೆ. ಮತ್ತೆ ಕೇಳೋಕೆ ನಾಚಿಕೆ ಆಯ್ತು. ಎರಡು ತಿಂಗಳು ಬಿಟ್ರೆ ಇವಳು ಕಲ್ತಿದ್ದೆಲ್ಲ ಹೋಗಿಬಿಡುತ್ತೆ ಸಾರ್."

ಸಿಪಿಯು ಜಪ್ತಿಯಾಯಿತು. ದಫೇದಾರರು ತಮ್ಮನನ್ನು ಅಜ್ಜನ ಸೊಸೆಯ ಲ್ಯಾಪ್‌ಟಾಪಿನ ಮುಂದೆ ಕೂರಿಸಿದರು. ಪ್ರೋಗ್ರಾಮು ಫೈಲುಗಳನ್ನು ತನ್ನ ಹೊಟ್ಟೆಯಲ್ಲೇ ಹುಡುಕುವಂತೆ ಅವನು ಅಜ್ಜನ ಕಾಪಿಯನ್ನು ತಿದ್ದಿದ. ಆ ಇಪ್ಪತ್ತು ನಿಮಿಷ ಇನ್‌ಸ್ಪೆಕ್ಟರ್ ಕಿಟಕಿಯ ಹೊರಗೆ ನೋಡುತ್ತಿದ್ದರು. ಚೌಕಗಳಲ್ಲಿ ಚಿತ್ರಗಳು ಬಂದವು.

ಐದು ಗಂಟೆಗೆ ದಸ್ತಗಿರಿ. ಗಾಬರಿಯಲ್ಲಿ ಅಜ್ಜ ಬರಿಗಾಲಲ್ಲೇ ಜೀಪಿನ ಕಡೆ ನಡೆದರು.

"ರೀ," ಎಂದರು ಬಾಗಿಲಲ್ಲಿ ನಿಂತ ಅಜ್ಜಿ. "ಚಪ್ಲಿ."

ಪಾರ್ಶ್ವವಾಯು ಹೊಡೆದ ಮೇಲೆ, ಎಂಟು ತಿಂಗಳಲ್ಲಿ, ಚಿತ್ರ ನೋಡದೆ ಆಕೆ ಆಡಿದ ಮೊದಲ ಮಾತು ಅದು. ಅಜ್ಜ ಜೀಪಿನ ಬಾಗಿಲು ಹಿಡಿದುಕೊಂಡು ಅತ್ತುಬಿಟ್ಟರು. ಚಪ್ಪಲಿಯನ್ನು ದಫೇದಾರರೇ ತಂದುಕೊಟ್ಟರು.

ಆ ದಿನದ ಕೇಸ್ ಡೈರಿಯಲ್ಲಿ, ಅಪರಾಧದ ಉದ್ದೇಶ ಎಂಬಲ್ಲಿ, ಅವರು ಬರೆದದ್ದು ಇಷ್ಟೆ: ಹೆಂಡತಿ ಮಾತಾಡಲಿ ಎಂದು.