ಒಪ್ಪತ್ತಿನ ಚಾಕಲೇಟು

೨೦೦೫ರ ಶ್ರಾವಣ. ಮೊದಲ ವಾರ ಲಲಿತಾಬಾಯಿ ರಾತ್ರಿಯೊಂದೇ ಊಟದ ಒಪ್ಪತ್ತಿನ ವ್ರತ ಹಿಡಿದರು. ಎರಡನೆಯ ವಾರ ತಲೆಸುತ್ತಿ ಬಿದ್ದರು. ಮರುದಿನ ಬೆಳಿಗ್ಗೆ ಬಸವಕಲ್ಯಾಣದ ಅವರ ಮನೆಯ ಹೊಸ್ತಿಲಲ್ಲಿ ಮಗಳು ವಿದ್ಯಾವತಿಯೂ ಧನರಾಜನೂ ಮೊದಲ ಬಾರಿಗೆ ಎದುರಾದರು.

ಅವನು ಲಲಿತಾಬಾಯಿಗೆ ಮಾತ್ರೆ ಕೊಡುತ್ತಿದ್ದ ಔಷಧಿ ಅಂಗಡಿಯವನು, ಸುದ್ದಿ ಕೇಳಿ ನೋಡಲು ಬಂದಿದ್ದ. ಗುರುವಾರ ಅವಳನ್ನು ನೋಡಲು ಬರಬೇಕಾಗಿದ್ದ ವರ.

"ಔಷಧ ಮಾರಾಕತ್ತೀರೋ, ಸಾವು ಮಾರಾಕತ್ತೀರೋ? ಅವ್ವಗ ಬಿ.ಪಿ. ಅದ ಅಂತ ಗೊತ್ತಿದ್ದೂ ಚಾಕಲೇಟ್ ಕೊಟ್ಟೀರಿ! ಗುಳಗಿ ಎಲ್ಲಾ ಹಾಂಗೇ ಉಳದಾವ!"

"ಪೇಪರ್‌ನಾಗ ಬಂದಿತ್ರಿ… ಕಪ್ಪು ಚಾಕಲೇಟ್ ಬಿ.ಪಿ. ಸ್ವಲ್ಪ ಇಳಿಸಬಹುದು ಅಂತ. ಖರೆ ನಾ…"

ಅವನ ದೃಷ್ಟಿ ಒಳಗಿನ ಮಂಚದತ್ತ ಸರಿಯಿತು. ಮಗಳ ಬೆನ್ನ ಹಿಂದೆ ಲಲಿತಾಬಾಯಿ ಕೈಮುಗಿದು ಬೇಡುತ್ತಿದ್ದರು.

ಧನರಾಜ ಮಾತು ನುಂಗಿದ. "ತಪ್ಪಾತ್ರಿ."

"ಗುರುವಾರ ಬರಬ್ಯಾಡ್ರಿ!"

ಅವನು ತಲೆತಗ್ಗಿಸಿ ಹೊರಟ. ಗೆದ್ದರೂ ಅವಳ ಎದೆಯೇಕೆ ಭಾರವಾಯಿತು? ಒಂದು ಮಾತೂ ವಾದಿಸದೆ ಒಪ್ಪಿಕೊಂಡವನು ನಿಜವಾಗಿಯೂ ತಪ್ಪಿತಸ್ಥನೇ…?

"ವಿದ್ಯಾ…" ತಾಯಿ ಮಂಚದಿಂದಲೇ ಕರೆದರು. "ಆ ಹುಡುಗಂದು ಏನೂ ತಪ್ಪಿಲ್ಲವ್ವ. ಗುಳಗಿ ಬಿಡಬ್ಯಾಡ್ರಿ ಅಂತ ಹತ್ತು ಸಲ ಹೇಳ್ಯಾನ."

"ಮತ್ತ ಯಾಕ ಬಿಟ್ಟಿ?"

"ಮುಂಜಾನಿ ಗುಳಗಿ ನುಂಗಿದ್ರ ಒಪ್ಪತ್ತು ಮುರೀತದಲ್ಲ! ಚಾಕಲೇಟ್ ಆದ್ರ ಕೋಕೋ ಬೀಜ, ಸಕ್ರಿ… ಫಲಾಹಾರ!"

ವಿದ್ಯಾವತಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಹುಮನಾಬಾದಿನ ಶಾಲೆಯಲ್ಲಿ ವಿಜ್ಞಾನ ಕಲಿಸಲು ಮೊದಲ ಬಸ್ಸಿಗೇ ಹೊರಡುತ್ತಿದ್ದ ಅವಳಿಗೆ ತಾಯಿಯ ಬೆಳಗುಗಳು ಕಂಡೇ ಇರಲಿಲ್ಲ!

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ವ್ರತ ಬಿಡಿಸ್ತಿದ್ದಿ. ನಿನ್ನ ಲಗ್ನಕ್ಕಂತ ಹಿಡದ ವ್ರತ ಅದು…"

ಆ ದಿನ ಅವಳು ಬಸ್ಸು ಹತ್ತಲಿಲ್ಲ. ನೇರವಾಗಿ ಅಂಗಡಿಗೆ ನಡೆದಳು.

"ಮಾಡದ ತಪ್ಪು ಯಾಕ್ರಿ ಒಪ್ಕೊಂಡ್ರಿ?"

"ನಿಮ್ಮವ್ವ ಕೈಮುಗದ್ರು. ಬಿ.ಪಿ. ಇದ್ದೋರನ್ನ ಅಳಿಸಬಾರದ್ರಿ."

"ನನ್ನನ್ನ ಅಳಿಸಬಹುದೇನ್ರಿ?"

ಧನರಾಜನ ಕೈಯಲ್ಲಿದ್ದ ಮಾತ್ರೆಯ ಪಟ್ಟಿ ಜಾರಿ ಬಿದ್ದಿತು.

"ಹಂಗಾದ್ರ… ಗುರುವಾರ?"

"ಬರ್ರಿ. ಅವ್ವನ ಗುಳಗಿ ರಾತ್ರಿ ಊಟದ ಜೋಡಿ ನಡೀತದೇನು ಅಂತ ಡಾಕ್ಟರಿಗೆ ಕೇಳ್ಕೊಂಡೇ ಬರ್ರಿ."

"ಚಾಕಲೇಟ್ ತರಬ್ಯಾಡೇನ್ರಿ?"

"ಗುಳಗಿ ಬದಲಿಗೆ ಬ್ಯಾಡ." ಅವಳು ನೆಲ ನೋಡಿದಳು. "ನನಗಂತ ತಂದ್ರ… ಬ್ಯಾಡ ಅನ್ನಂಗಿಲ್ಲ."

ವೈದ್ಯರು ಮಾತ್ರೆಯ ಸಮಯವನ್ನು ರಾತ್ರಿಗೆ ಬದಲಿಸಿದರು. ಶ್ರಾವಣ ಮುಗಿದಾಗ ಒಪ್ಪತ್ತು ಮುರಿದಿರಲಿಲ್ಲ, ರಕ್ತದೊತ್ತಡ ಹದಕ್ಕೆ ಬಂದಿತ್ತು, ಲಗ್ನ ನಿಶ್ಚಯವಾಗಿತ್ತು; ಇದರಲ್ಲಿ ಚಾಕಲೇಟಿನ ಪಾಲೆಷ್ಟು ಎಂಬುದು ಮಾತ್ರ ಸಾಬೀತಾಗಲಿಲ್ಲ.