ಖಾಲಿ ಜಾಗದ ಹೆಸರು

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ವಿಶ್ವವಿದ್ಯಾಲಯವೊಂದರ ಮ್ಯೂಸಿಯಮ್ಮಿನಲ್ಲಿ ನನಗೆ ಕೆಲಸ. ಅಲ್ಲಿನ ಟಚ್‌ಸ್ಕ್ರೀನಿನಲ್ಲಿ ಅದೇ ದ್ವೀಪದ ನಮ್ಮೂರ ಮೀನುಗಾರರು ಸಾಲಾಗಿ ನಿಂತಿರುವ ಹಳೆಯ ಫೋಟೋ ಇದೆ. ಯಾರ ಮುಖ ಮುಟ್ಟಿದರೂ ‘ಇವರು ಯಾರು, ಗೊತ್ತೇ?’ ಎಂದು ಕೇಳುತ್ತದೆ; ಗೊತ್ತಿದ್ದವರು ಹೆಸರು ಬರೆಯಬಹುದು. ನನ್ನ ಅಣ್ಣ ಆಂಬ್ರೋಸ್ ಮಾತ್ರ ಅದರಲ್ಲಿಲ್ಲ. ಫೋಟೋ ತೆಗೆದ ದಿನ ಜ್ವರ ಬಂದು ಮಲಗಿದ್ದ. ಮರುವಾರ ಕಡಲಿಗೆ ಹೋದವನು ತಿರುಗಿ ಬರಲಿಲ್ಲ. ಅವನದೊಂದು ಫೋಟೋ ಕೂಡ ನಮ್ಮಲ್ಲಿ ಉಳಿಯಲಿಲ್ಲ.

ಕಳೆದ ವಸಂತದಲ್ಲಿ, ಬೆಳಿಗ್ಗೆ ಪರದೆ ಒರೆಸುವಾಗಲೆಲ್ಲ ಇಬ್ಬರು ಮೀನುಗಾರರ ನಡುವಿನ ಖಾಲಿ ಜಾಗವಷ್ಟೇ ಒದ್ದೆಯಾಗಿರುತ್ತಿತ್ತು. ಬೆರಳನ್ನು ನಾಲಗೆಗೆ ಮುಟ್ಟಿಸಿದರೆ ಉಪ್ಪುಪ್ಪು. ಯಂತ್ರ ನೋಡಿಕೊಳ್ಳುವ ಲೆವಿಗೆ ಹೇಳಿದೆ.

“ಯಾರೋ ಚಿಪ್ಸ್ ತಿಂದ ಕೈಲಿ ಮುಟ್ಟಿರ್ತಾರೆ, ಬಿಡಿ ಮೇವಿಸಮ್ಮ.”

“ದಿನಾ ಅಲ್ಲೇ ಮುಟ್ತಾರೇನೋ? ಬಾಗಿಲು ತೆಗೆಯೋಕೆ ಮುಂಚೆ?”

“ಅಲ್ಲಿ ಮುಟ್ಟಿದ್ರೆ ಏನೂ ಬರಲ್ಲ. ಮುಖ ಇರೋ ಕಡೆ ಮಾತ್ರ ಅದು ಕೇಳೋದು.”

ಅವನು ಹೋದ ಮೇಲೆ ಅಲ್ಲಿ ಅಂಗೈ ಇಟ್ಟೆ. ಗಾಜು ಮಂಜುಗಡ್ಡೆ ತೇಲುವ ನೀರಿನಷ್ಟು ತಣ್ಣಗಿತ್ತು. ಕೈ ತೆಗೆಯಲು ಮನಸ್ಸಾಗಲಿಲ್ಲ. ‘ಇವರು ಯಾರು, ಗೊತ್ತೇ?’ ಎಂಬ ಪ್ರಶ್ನೆ ಮೂಡಿತು. ಮನೆಯವರಷ್ಟೇ ಅವನನ್ನು ಕರೆಯುತ್ತಿದ್ದ ಹೆಸರು ಬರೆದೆ: ಬ್ರೋಸಿ. ಆ ಹೆಸರು ಹಿಡಿದು ಅವನನ್ನು ಕರೆದು ನಲವತ್ತು ವರ್ಷವಾಗಿತ್ತು.

ಯಂತ್ರ ಎಲ್ಲರಿಗೂ ಹೇಳುವಂತೆ ನನಗೂ ಧನ್ಯವಾದ ಹೇಳಿತು. ಅದರ ಕೆಳಗೆ, ‘ಇದೇ ಹೆಸರು ಬರೆದವರು: ಇಬ್ಬರು’ ಎಂದಿತ್ತು.

ಆ ಹೆಸರು ಬಲ್ಲವರಲ್ಲಿ ಈಗ ಬದುಕಿರುವವಳು ನಾನೊಬ್ಬಳೇ.