ಅಗ್ನಿಶಿಖೆಯ ಗೆಡ್ಡೆ

"ಫಾರಿರೈ! ನೀನಾ...?!"

ರಾತಿಡ್ಜೊ ಕೈಯಿಂದ ಪೊರಕೆ ಜಾರಿ ಬಿತ್ತು. ಇವತ್ತು ಹುಡುಗನ ಕಡೆಯ ಸಂಧಾನಗಾರ ಹೆಣ್ಣು ಕೇಳಲು ಬರುವ ದಿನ. ಮಾತುಕತೆಗೆ ಮುಂಚೆ ಹುಡುಗನೇ ಅಂಗಳಕ್ಕೆ ಕಾಲಿಟ್ಟರೆ ಸಂಬಂಧ ಮುರಿದಂತೆಯೇ. ನ್ಯಾಂಗಾ ಸೀಮೆಯಲ್ಲಿ ಇದು ಹಸುಗೂಸಿಗೂ ಗೊತ್ತು. ಅಂಥದ್ದರಲ್ಲಿ ಇವನು ಬೆಳ್ಳಂಬೆಳಗ್ಗೆ ಬೇಲಿ ಹಾರಿ, ಗುದ್ದಲಿ ಹಿಡಿದು ನಿಂತಿದ್ದಾನೆ!

ಅದೂ ಅವಳ ಅಗ್ನಿಶಿಖೆ ಬಳ್ಳಿಯ ಬುಡದಲ್ಲಿ!

ತೀರಿಹೋದ ಅಮ್ಮ ಕಾಡಿನಿಂದ ತಂದು ನೆಟ್ಟ ಬಳ್ಳಿ ಅದು. ಈಗ ಚಳಿಗೆ ಒಣಗಿ ಕಾಣೆಯಾಗಿತ್ತು. ಮಳೆ ಬಿದ್ದರೆ ಬೇಲಿ ತುಂಬ ಕೆಂಪು ಹೂ.

"ಅಮ್ಮನ ಬಳ್ಳಿ ಕಣೋ... ಅಗೆಯೋಕೆ ಮನಸ್ಸಾದ್ರೂ ಹೇಗೆ ಬಂತು?"

ಇವನನ್ನೇ ನಾನು ಪ್ರೀತಿಸಿದ್ದಾ...?

"ಮೆಲ್ಲಗೆ ಮಾತಾಡು, ನಿಮ್ಮಪ್ಪ ಎದ್ದುಬಿಡ್ತಾರೆ! ಬೇಲಿ ಪಕ್ಕ ತಿನ್ನೋ ತ್ಸೆಂಜಾ ಗೆಡ್ಡೆ ಇದೆ, ನಾಳೆ ನೆಂಟರಿಗೆ ಕೊಡ್ತೀನಿ ಅಂತ ನಿಮ್ಮತ್ತೆ ನಿನ್ನೆ ನನ್ನ ತಂಗಿ ಹತ್ರ ಹೇಳಿದ್ರಂತೆ. ಅದು ತ್ಸೆಂಜಾ ಅಲ್ವಲ್ಲೇ, ಈ ಬಳ್ಳೀದೇ ಗೆಡ್ಡೆ! ವಿಷ! ಅವ್ರಿಗಿಂತ ಮುಂಚೆ ಕಿತ್ತುಬಿಡೋಣ ಅಂತ ಓಡಿ ಬಂದೆ. ನೋಡಿದ್ರೆ... ಆಗಲೇ ಅರ್ಧ ಖಾಲಿ!"

ಅವಳು ಅಡುಗೆಮನೆಗೆ ಓಡಿದಳು.

ಸೋದರತ್ತೆ ಒಲೆ ಮುಂದೆ ಕೂತು, ಸಿಪ್ಪೆ ಕೆರೆದ ಗೆಡ್ಡೆಯನ್ನು ಇನ್ನೇನು ಕಚ್ಚುವುದರಲ್ಲಿದ್ದರು! ಹರಾರೆ ನಗರ ಸೇರಿ ವರ್ಷಗಳೇ ಆಗಿದ್ದವು. ಊರಿನ ಹಸಿ ತ್ಸೆಂಜಾ ಅಂದರೆ ಇನ್ನೂ ಬಾಯಲ್ಲಿ ನೀರು.

ರಾತಿಡ್ಜೊ ಅವರ ಕೈಗೆ ಫಟ್ಟನೆ ಹೊಡೆದಳು.

"ಅಯ್ಯಯ್ಯೋ! ಸೋದರತ್ತೆ ಮೇಲೇ ಕೈ ಮಾಡ್ತೀಯೇನೇ?!"

"ಅದು ಅಮ್ಮನ ಹೂಬಳ್ಳಿದು ಅತ್ತೆ! ತಿಂದ್ರೆ ಸಾವೇ ಗತಿ! ನಾಲಿಗೆಗೆ ತಾಗಿಸಿದ್ರಾ?"

"ಇ... ಇಲ್ಲ ಕಣೇ..."

ಅತ್ತೆ ಕೆಳಗೆ ಬಿದ್ದ ಗೆಡ್ಡೆಯನ್ನು ದೂರ ತಳ್ಳಿದರು. ಆಗಲೇ ಬಾಗಿಲಲ್ಲಿ ನಿಂತಿದ್ದ ಫಾರಿರೈ ಕಣ್ಣಿಗೆ ಬಿದ್ದ. ಅವನು ಗಡಬಡಿಸಿ ಕುಕ್ಕರುಗಾಲಲ್ಲಿ ಕೂತು, ಊರಿನ ರೂಢಿಯಂತೆ ಮೆಲ್ಲಗೆ ಚಪ್ಪಾಳೆ ತಟ್ಟಿ ವಂದಿಸಿದ.

ಮುಗೀತು... ಅತ್ತೆ ಒಂದು ಮಾತಂದರೆ ಈ ಮದುವೆ ಇಲ್ಲ!

"ಅತ್ತೆ, ಅವನು ನಿಮ್ಮನ್ನ ಉಳಿಸೋಕೆ ಅಂತಲೇ..."

"ಯಾವನು? ನಂಗಂತೂ ಯಾರೂ ಕಾಣ್ತಿಲ್ಲಪ್ಪ!" ಅತ್ತೆ ಕಣ್ಣೊರೆಸಿಕೊಂಡರು. "ಆ ಯಾರೂ ಇಲ್ಲದೋನಿಗೆ ಹೇಳು, ಬೇಗ ಬೇಲಿ ಹಾರ್ಲಿ. ನಮ್ಮಣ್ಣ ಎದ್ರೆ ಅವನಿಗೆ ಚೆನ್ನಾಗೇ ಕಾಣ್ಸುತ್ತೆ!"

ಬೇಲಿಯ ಹತ್ತಿರ ರಾತಿಡ್ಜೊ ಅವನ ಅಂಗಿ ಹಿಡಿದು ನಿಲ್ಲಿಸಿದಳು.

"ಸಂಬಂಧ ಮುರಿಯುತ್ತೆ ಅಂತ ಗೊತ್ತಿದ್ದೂ ಬಂದ್ಯಾ?"

"ಮುರಿದ್ರೂ ನೀನು ಬದುಕಿರ್ತೀಯಲ್ಲ ರಾತಿ... ಅಷ್ಟು ಸಾಕು ಅನ್ನಿಸ್ತು."

ಅವಳ ಕಣ್ಣು ತುಂಬಿ ಬಂತು.

"ನಂಗೆ ಅಷ್ಟು ಸಾಕಾಗಲ್ಲ ಕಣೋ... ಸಂಧಾನಗಾರನ್ನ ಬೇಗ ಕಳಿಸು!"